ಸ್ಟಡ್ ತಾನಾಗಿ ಕಟ್ಟಾಯಿತು, ಥ್ರೆಡ್ ಕೆಡಿಸಿದ್ದು ನಾನು

ಸ್ಪ್ಯಾನರ್ ಹಿಡಿದು ಪಳಗಿದ ಕೈಗೆ ಒಂದು ಭಯ ಚೆನ್ನಾಗಿ ಗೊತ್ತಿರುತ್ತದೆ. ಹಠ ಹಿಡಿದು ಕೂತ ನಟ್ಟು. ಜಗ್ಗುವುದಿಲ್ಲ. ಇನ್ನೊಂದಿಷ್ಟು ಬಲ ಹಾಕುತ್ತೀರಿ, ಇದ್ದಕ್ಕಿದ್ದ ಹಾಗೆ ಮೆತ್ತಗೆ ತಿರುಗತೊಡಗುತ್ತದೆ. ನಿಜವಾಗಿ ಬಿಟ್ಟುಕೊಡುವ ನಟ್ಟು ಹಾಗೆ ತಿರುಗುವುದಿಲ್ಲ. ಅದು ಕಿರ್ರೆಂದು ಕೂಗಿ ಒಂದಿಷ್ಟು ಜರುಗಿ, ಮತ್ತೆ ಹಿಡಿದು, ಮತ್ತೆ ಕೂಗಿ ಜರುಗುತ್ತದೆ. ಇದು ಸದ್ದೇ ಇಲ್ಲದ ಮೆತ್ತಗೆ. ಆ ಕಾಲು ಸುತ್ತು ಮುಗಿಯುವುದರೊಳಗೆ ಕೈಗೆ ವಿಷಯ ತಿಳಿದಿರುತ್ತದೆ. ತಲೆ ಒಪ್ಪಿಕೊಳ್ಳುವುದು ನಟ್ಟಿನ ಜೊತೆ ಅರ್ಧ ಸ್ಟಡ್ಡೂ (ಎರಡೂ ತುದಿಗೆ ಥ್ರೆಡ್, ಅಂದರೆ ತಿರುಪಿನ ಗೆರೆ ಇರುವ ತಲೆಯಿಲ್ಲದ ಬೋಲ್ಟು) ಅಂಗೈಗೆ ಬಂದು ಬಿದ್ದಾಗ.

ನನಗೆ ಹಾಗೆ ಆದದ್ದು ಹಳೆಯ ಬೈಕಿನ ಹೆಡ್ಡಿನಲ್ಲಿ, ಅಂದರೆ ಎಂಜಿನ್ನಿನ ಸಿಲಿಂಡರಿನ ಮೇಲೆ ಕೂರುವ ಅಲ್ಯೂಮಿನಿಯಂ ಭಾಗದಲ್ಲಿ. ಸೈಲೆನ್ಸರ್ ಪೈಪನ್ನು ಹೆಡ್ಡಿಗೆ ಹಿಡಿಸುವ ಎರಡು ಸ್ಟಡ್ಡುಗಳಲ್ಲಿ ಎಡಗಡೆಯದು. ಎಂಟು ಮಿಲಿಮೀಟರಿನದು, 1.25 ಪಿಚ್ಚಿನದು, ಅಂದರೆ ಒಂದು ಥ್ರೆಡ್ ಗೆರೆಯಿಂದ ಇನ್ನೊಂದಕ್ಕೆ 1.25 ಮಿಲಿಮೀಟರ್. ಮೇಲಿನಿಂದಲೇ ಕಟ್ಟಾಗಿದ್ದರೆ ಹಿಡಿಯಲು ಒಂದು ತುದಿಯಾದರೂ ಇರುತ್ತಿತ್ತು. ಇದು ಹೆಡ್ಡಿನ ಮುಖಕ್ಕಿಂತ ಎರಡು ಮಿಲಿಮೀಟರ್ ಒಳಗೆ ಕಟ್ಟಾಗಿತ್ತು. ಮುರಿದ ಮುಖ ನೋಡಿದೆ. ಮುಕ್ಕಾಲು ಭಾಗ ಕಂದು, ಕಾಲು ಭಾಗ ಮಾತ್ರ ಹೊಳೆಯುವ ಬೂದು. ಕಂದು ಭಾಗ ಎಂದೋ ಬಿರುಕು ಬಿಟ್ಟು ಒಳಗೆ ತುಕ್ಕು ಹಿಡಿದದ್ದು. ಹೊಳೆಯುವ ಕಾಲು ಭಾಗವಷ್ಟೇ ಅವತ್ತು ನನ್ನ ಕೈಯಲ್ಲಿ ಮುರಿದದ್ದು. ಅಂದರೆ ಆ ಸ್ಟಡ್ಡು ಎಷ್ಟೋ ಕಾಲದಿಂದ ಮುರಿಯುತ್ತಲೇ ಇತ್ತು. ಈ ಮಾತನ್ನು ನನಗೆ ನಾನೇ ಹೇಳಿಕೊಂಡು ಸ್ವಲ್ಪ ಸಮಾಧಾನ ಪಟ್ಟುಕೊಂಡೆ. ಆಮೇಲೆ ಮಾಡಿದ ಕೆಲಸಕ್ಕೆ ಅಂಥ ಸಮಾಧಾನವೇನೂ ಸಿಗಲಿಲ್ಲ.

ಅಲ್ಯೂಮಿನಿಯಂ ಮತ್ತು ಉಕ್ಕಿನ ಸಂಸಾರ ಹಳೆಯದು. 1903ರಲ್ಲಿ ರೈಟ್ ಸಹೋದರರ ವಿಮಾನ ಹಾರಿಸಿದ ಎಂಜಿನ್ನಿನ ಕ್ರ್ಯಾಂಕ್‌ಕೇಸೇ ಅಲ್ಯೂಮಿನಿಯಂ ಎರಕದ್ದು. ತೂಕದಲ್ಲಿ ಕಬ್ಬಿಣದ ಮೂರರಲ್ಲೊಂದು ಪಾಲು, ಶಾಖವನ್ನು ಬೇಗ ಹೊರಹಾಕುತ್ತದೆ, ಎರಕಕ್ಕೆ ಸುಲಭ. ಆದರೆ ಮೆದು. ಅದರೊಳಗಿನ ಥ್ರೆಡ್ಡಿನಲ್ಲಿ ಬೋಲ್ಟನ್ನು ಹತ್ತಾರು ಸಲ ಬಿಚ್ಚಿ ಹಾಕಿದರೆ ಥ್ರೆಡ್ ಸವೆದುಹೋಗುತ್ತದೆ. ಅದಕ್ಕೇ ಅಲ್ಲಿ ಬೋಲ್ಟಿನ ಬದಲು ಸ್ಟಡ್ ಹಾಕುತ್ತಾರೆ. ಸ್ಟಡ್ಡನ್ನು ಒಮ್ಮೆ ಕೂರಿಸಿಬಿಟ್ಟರೆ ಆಯಿತು, ಬಿಚ್ಚುವುದು ಕಟ್ಟುವುದೆಲ್ಲ ಹೊರಗಿನ ನಟ್ಟಿನಲ್ಲಿ, ಉಕ್ಕಿನ ಮೇಲೆ ಉಕ್ಕು. ಯೋಚನೆ ಒಳ್ಳೆಯದೇ. ಆದರೆ ಒಮ್ಮೆ ಕೂತ ಸ್ಟಡ್ಡು ವರ್ಷಗಟ್ಟಲೆ ಅಲ್ಲೇ ಕೂತಿರುತ್ತದೆ. ಅಲ್ಲಿಗೆ ತೇವ ಇಳಿಯುತ್ತದೆ, ಉಪ್ಪಿನಂಶ ಸೇರುತ್ತದೆ. ಎರಡು ಬೇರೆ ಲೋಹ, ನಡುವೆ ತೇವ ಎಂದಮೇಲೆ ಅದೊಂದು ಪುಟ್ಟ ಬ್ಯಾಟರಿ. ಆ ಬ್ಯಾಟರಿಯಲ್ಲಿ ಕರಗುವ ಸರದಿ ಅಲ್ಯೂಮಿನಿಯಂನದು. ಕರಗಿದ್ದು ಎಲ್ಲಿಗೂ ಹೋಗುವುದಿಲ್ಲ. ಬಿಳಿ ಪುಡಿಯಾಗಿ, ಮೊದಲಿಗಿಂತ ಹೆಚ್ಚು ಜಾಗ ಹಿಡಿದು, ಥ್ರೆಡ್ಡಿನ ಸಂದಿಯಲ್ಲೇ ಗಟ್ಟಿಯಾಗಿ ತುಂಬಿಕೊಳ್ಳುತ್ತದೆ. ಸ್ಟಡ್ಡನ್ನು ಕಚ್ಚಿ ಹಿಡಿಯುವುದು ಬರೀ ತುಕ್ಕಲ್ಲ, ಈ ಬಿಳಿ ಪುಡಿಯೂ ಹೌದು.

ಇದರ ಮೇಲೆ ಶಾಖ. ಒಂದೊಂದು ಡಿಗ್ರಿಗೆ ಅಲ್ಯೂಮಿನಿಯಂ ಹಿಗ್ಗುವುದು ಮೀಟರಿಗೆ ಸುಮಾರು 23 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು), ಉಕ್ಕು 12. ಎಂಜಿನ್ ಬಿಸಿಯಾದಾಗಲೆಲ್ಲ ತೂತು ಒಂದು ಅಳತೆಗೆ ಹಿಗ್ಗುತ್ತದೆ, ಸ್ಟಡ್ಡು ಇನ್ನೊಂದು ಅಳತೆಗೆ. ತಣ್ಣಗಾದಾಗ ಎರಡೂ ಒಂದನ್ನೊಂದು ಹಿಸುಕುತ್ತವೆ. ಸೈಲೆನ್ಸರ್ ಬಾಯಿಯ ಸ್ಟಡ್ಡಿಗೆ ಇದು ದಿನನಿತ್ಯದ ಪಾಡು. ಅದು ಮುರಿಯುವುದರಲ್ಲಿ ಆಶ್ಚರ್ಯವೇನಿಲ್ಲ, ಅಷ್ಟು ಕಾಲ ತಡೆದುಕೊಂಡದ್ದೇ ಆಶ್ಚರ್ಯ.

ಇಷ್ಟೆಲ್ಲ ನನಗೆ ಅವತ್ತೂ ಗೊತ್ತಿತ್ತು. ಗೊತ್ತಿದ್ದೂ ಮಾಡಿದ್ದೇನು? ಟೂಲ್‌ಬಾಕ್ಸಿನಲ್ಲಿ ಈಸಿ ಔಟ್ ಇತ್ತು, ಅದನ್ನೇ ತೆಗೆದುಕೊಂಡೆ.

ಈಸಿ ಔಟಿನ ಬಗ್ಗೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ: ಆ ಹೆಸರಿನಲ್ಲಿ ಎರಡು ಪದಗಳಿವೆ, ಎರಡೂ ಸುಳ್ಳು. ಎಡಕ್ಕೆ ಸುತ್ತಿದ ಥ್ರೆಡ್ಡಿನ, ತುದಿಗೆ ಸಣ್ಣಗಾಗುತ್ತ ಹೋಗುವ ಗಡಸು ಕಡ್ಡಿ ಅದು. ಮುರಿದ ಸ್ಟಡ್ಡಿನ ನಡುವೆ ತೂತು ಕೊರೆದು ಇದನ್ನು ಎಡಕ್ಕೆ ತಿರುಗಿಸಿದರೆ ಕಚ್ಚಿಕೊಂಡು ಸ್ಟಡ್ಡನ್ನು ಹೊರಗೆ ತರಬೇಕು. ಲೆಕ್ಕ ಹಾಕಿ ನೋಡಿ. ಎಂಟು ಮಿಲಿಮೀಟರಿನ ಸ್ಟಡ್ಡು ಮುರಿಯುವಷ್ಟು ಬಲ ಹಾಕಿದರೂ ಬಿಡದ ಥ್ರೆಡ್ಡನ್ನು ಅದರ ಅರ್ಧ ದಪ್ಪದ ಕಡ್ಡಿ ಬಿಡಿಸುತ್ತದೆ ಎಂದರೆ ಹೇಗೆ ನಂಬುವುದು? ಬೆಣೆಯ ಆಕಾರದ್ದಾದ್ದರಿಂದ ಒಳಗೆ ಹೋದಷ್ಟೂ ಸ್ಟಡ್ಡನ್ನು ಅಗಲಿಸಿ ಇನ್ನೂ ಬಿಗಿ ಮಾಡುತ್ತದೆ. ಅದು ಗಡಸು, ಗಡಸಾದದ್ದು ಬಾಗುವುದಿಲ್ಲ, ಪಟಕ್ಕನೆ ಮುರಿಯುತ್ತದೆ. ಒಳಗೆ ಮುರಿದರೆ ಸಾಮಾನ್ಯ ಡ್ರಿಲ್ ಬಿಟ್ ಅದನ್ನು ಗೀರುವುದೂ ಇಲ್ಲ. ತುಕ್ಕು ಹಿಡಿಯದೆ, ಅತಿ ಬಿಗಿತದಿಂದಷ್ಟೇ ಕಟ್ಟಾದ ಬೋಲ್ಟಿಗೆ ಅದು ಸರಿ. ಅಂಥ ಬೋಲ್ಟು ಚೂಪು ಪಂಚಿನಿಂದ ಮೆಲ್ಲಗೆ ತಟ್ಟಿದರೂ ತಿರುಗಿ ಬರುತ್ತದೆ, ಅದು ಬೇರೆ ಮಾತು.

ನನ್ನ ಅದೃಷ್ಟಕ್ಕೆ ಈಸಿ ಔಟ್ ಮುರಿಯಲಿಲ್ಲ. ಅದನ್ನು ಹಾಕುವವರೆಗೆ ನಾನು ತಲುಪಲೇ ಇಲ್ಲ. ಅದಕ್ಕೆ ತೂತು ಕೊರೆಯುವಾಗಲೇ ಎಲ್ಲ ಕೆಟ್ಟಿತು.

ಮುರಿದ ಮುಖ ಸಮತಟ್ಟಾಗಿರಲಿಲ್ಲ, ಒಂದು ಕಡೆಗೆ ಇಳಿಜಾರು. ಸೆಂಟರ್ ಪಂಚ್ ಇಟ್ಟು ಹೊಡೆದೆ, ಅದು ಇಳಿಜಾರಿನ ಕಡೆ ಜಾರಿ ಗುರುತು ಮಾಡಿತು. ನೋಡಿದೆ, ನಡುವಿಗೆ ಹತ್ತಿರವಿದೆ ಅನಿಸಿತು. ಹತ್ತಿರ! ಕೈ ಡ್ರಿಲ್ಲಿಗೆ ಐದು ಮಿಲಿಮೀಟರಿನ ಬಿಟ್ ಹಾಕಿ ಶುರು ಮಾಡಿದೆ. ಮೊದಲು ನೀಲಿ ಮಿಶ್ರಿತ ಬೂದು ಬಣ್ಣದ ಸುರುಳಿ ಬಂತು, ಉಕ್ಕಿನದು. ಕೆಲಸ ನಡೆಯುತ್ತಿದೆ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಡ್ರಿಲ್ ಸಲೀಸಾಗಿ ಇಳಿಯತೊಡಗಿತು. ಸಲೀಸಾದದ್ದಕ್ಕೆ ಖುಷಿಪಟ್ಟೆ ಎಂದು ಹೇಳಲು ಈಗ ನಾಚಿಕೆ. ಬಿಟ್ಟಿನ ಸುತ್ತ ಬೆಳ್ಳಗೆ ಹೊಳೆಯುವ ಚೂರುಗಳು ಬಿದ್ದಿದ್ದವು. ಅಲ್ಯೂಮಿನಿಯಂ.

ಗಡಸು ಮತ್ತು ಮೆದು ಪಕ್ಕಪಕ್ಕದಲ್ಲಿದ್ದರೆ ಬಿಟ್ಟು ಮೆದುವಿನ ಕಡೆಗೇ ವಾಲುತ್ತದೆ. ಒಂದು ಕೂದಲೆಳೆ ಜರುಗಿದರೆ ಸಾಕು, ಆಮೇಲೆ ಪ್ರತಿ ಸುತ್ತಿಗೂ ಇನ್ನಷ್ಟು ಜರುಗುತ್ತ ಹೋಗುತ್ತದೆ. ನಿಲ್ಲಿಸಿ, ಊದಿ, ಟಾರ್ಚ್ ಹಾಕಿ ನೋಡಿದೆ. ಅರ್ಧಚಂದ್ರದಂತೆ ಒಂದು ಕಡೆ ಉಕ್ಕು, ಇನ್ನೊಂದು ಕಡೆ ನಾನು ತಿಂದುಹಾಕಿದ ಅಲ್ಯೂಮಿನಿಯಂ ಗೋಡೆ. ಅಲ್ಲಿದ್ದ ಥ್ರೆಡ್ಡಿನ ಗೆರೆಗಳು ಹೋಗಿಬಿಟ್ಟಿದ್ದವು. ಸ್ಟಡ್ಡು ಮುರಿದಾಗ ಆ ತೂತಿನ ಒಂದೇ ಒಂದು ಥ್ರೆಡ್ಡಿಗೂ ಏಟಾಗಿರಲಿಲ್ಲ. ಉಕ್ಕು ಮುರಿದಿತ್ತು, ಅಲ್ಯೂಮಿನಿಯಂ ಹಾಗೇ ಇತ್ತು. ಅದಕ್ಕೆ ಏಟು ಕೊಟ್ಟದ್ದು ಸರಿಮಾಡಲು ಹೋದ ನಾನು.

ಅವತ್ತು ಡ್ರಿಲ್ ಕೆಳಗಿಟ್ಟದ್ದೊಂದೇ ನಾನು ಮಾಡಿದ ಒಳ್ಳೆಯ ಕೆಲಸ.

ಮಾಡಬಹುದಾಗಿದ್ದ ಬೇರೆ ದಾರಿಗಳೆಲ್ಲ ರಾತ್ರಿ ಮಲಗಿದ ಮೇಲೆ ಒಂದೊಂದಾಗಿ ನೆನಪಾದವು. ಸೈಲೆನ್ಸರ್ ಪೈಪಿನ ಫ್ಲ್ಯಾಂಜನ್ನೇ (ಸ್ಟಡ್ಡುಗಳು ಹಾಯುವ ಎರಡು ತೂತಿನ ತಟ್ಟೆ) ಇನ್ನೊಂದು ಸ್ಟಡ್ಡಿನ ಮೇಲೆ ಕೂರಿಸಿ, ಅದರ ತೂತಿಗೆ ಹೊಂದುವ ಒಂದು ಬುಷ್ (ಗಿಡ್ಡ ಕೊಳವೆ) ಮಾಡಿ ಹಾಕಿ, ಆ ಬುಷ್ಷಿನ ನಡುವಿನಿಂದ ಡ್ರಿಲ್ ಇಳಿಸಿದ್ದರೆ ಬಿಟ್ಟು ಅತ್ತಿತ್ತ ಜರುಗಲು ಜಾಗವೇ ಇರುತ್ತಿರಲಿಲ್ಲ. ಎಡಕ್ಕೆ ಕೊರೆಯುವ ಡ್ರಿಲ್ ಬಿಟ್ಟುಗಳಿವೆ. ಕೊರೆಯುವ ದಿಕ್ಕೇ ಬಿಚ್ಚುವ ದಿಕ್ಕಾದ್ದರಿಂದ ಎಷ್ಟೋ ಸಲ ಅರ್ಧ ಕೊರೆಯುವಷ್ಟರಲ್ಲಿ ಸ್ಟಡ್ಡು ತಾನೇ ತಿರುಗಿ ಮೇಲೆ ಬರುತ್ತದೆ. ಎಲ್ಲಕ್ಕಿಂತ ಒಳ್ಳೆಯದು ವೆಲ್ಡಿಂಗ್. ಮುರಿದ ತುದಿಯ ಮೇಲೆ ಒಂದು ನಟ್ಟು ಇಟ್ಟು, ನಟ್ಟಿನ ಒಳಗಿನಿಂದ ವೆಲ್ಡ್ ತುಂಬಿ ಎರಡನ್ನೂ ಒಂದು ಮಾಡುವುದು. ಉಕ್ಕಿನ ವೆಲ್ಡು ಅಲ್ಯೂಮಿನಿಯಂಗೆ ಅಂಟುವುದಿಲ್ಲ. ಆ ಶಾಖಕ್ಕೆ ಸ್ಟಡ್ಡು ಹಿಗ್ಗಿ ಕುಗ್ಗಿದಾಗ ಸಂದಿಯ ಪುಡಿ ಒಡೆಯುತ್ತದೆ, ಆಮೇಲೆ ಹಿಡಿದು ತಿರುಗಿಸಲು ನಟ್ಟೂ ಇರುತ್ತದೆ. ಎರಡು ಮಿಲಿಮೀಟರ್ ಒಳಗಿದ್ದರೂ ಪಳಗಿದ ವೆಲ್ಡರು ಮೊದಲು ಸ್ಟಡ್ಡಿನ ಮೇಲೆ ಹನಿ ಹನಿಯಾಗಿ ಲೋಹ ಕಟ್ಟಿ ಎತ್ತರಿಸಿಕೊಳ್ಳುತ್ತಾನೆ. ನಡುವೆ ಓರೆಯಾಗಿ ಕೊರೆದ ಸ್ಟಡ್ಡಿಗೆ ಆ ಭಾಗ್ಯವೂ ಇಲ್ಲ.

ಪಟಿಕದ ವಿಷಯವೂ ತಲೆಗೆ ಬಂತು. ಪಟಿಕ ಕರಗಿಸಿದ ಬಿಸಿನೀರಿನಲ್ಲಿ ಬಿಟ್ಟರೆ ಅಲ್ಯೂಮಿನಿಯಂ ಬಹುಮಟ್ಟಿಗೆ ಹಾಗೇ ಉಳಿದು ಒಳಗೆ ಸಿಕ್ಕ ಉಕ್ಕು ಮಾತ್ರ ನಿಧಾನವಾಗಿ ಕರಗಿಹೋಗುತ್ತದೆ. ಅಲ್ಯೂಮಿನಿಯಂ ಮೈಮೇಲಿನ ಆಕ್ಸೈಡ್ ಪದರ ಅದನ್ನು ಕಾಯುತ್ತದೆ, ಉಕ್ಕಿಗೆ ಅಂಥ ಕವಚವಿಲ್ಲ. ಹಿತ್ತಾಳೆಯಲ್ಲಿ ಮುರಿದ ಸಣ್ಣ ಉಕ್ಕಿನ ತಿರುಪು ತೆಗೆಯಲು ಗಡಿಯಾರ ರಿಪೇರಿಯವರು ಬಳಸುವ ಉಪಾಯವಿದು. ಒಂದು ಕವರಿನಲ್ಲೋ ಬ್ರ್ಯಾಕೆಟ್ಟಿನಲ್ಲೋ ಮುರಿದಿದ್ದರೆ ನಾನೂ ಪಾತ್ರೆ ಇಟ್ಟು ಕೂರುತ್ತಿದ್ದೆ. ಹೆಡ್ಡಿನಲ್ಲಿ ವಾಲ್ವ್ ಸೀಟು, ವಾಲ್ವ್ ಗೈಡುಗಳಿವೆ. ಅವು ಕಬ್ಬಿಣ ಜಾತಿಯವು. ಪಟಿಕಕ್ಕೆ ಇದು ಬೇಕಾದ ಕಬ್ಬಿಣ, ಅದು ಬೇಡದ ಕಬ್ಬಿಣ ಎಂಬ ಭೇದ ಗೊತ್ತಿಲ್ಲ.

ಕೊನೆಗೆ ಹೆಡ್ಡನ್ನೇ ಬಿಚ್ಚಿ ಮಿಲ್ಲಿಂಗ್ ಯಂತ್ರವಿರುವ ಹಿರಿಯ ಗೆಳೆಯರೊಬ್ಬರ ಹತ್ತಿರ ಒಯ್ದೆ. ಕನ್ನಡಕ ಮೇಲಕ್ಕೆ ಸರಿಸಿ ತೂತನ್ನು ನೋಡಿದರು.

"ಯಾರಪ್ಪಾ ಇದಕ್ಕೆ ಡ್ರಿಲ್ ಹಾಕಿದ್ದು?"

"ನಾನೇ ಅಣ್ಣ."

"ಕಟ್ಟಾದ ತಕ್ಷಣ ತಂದಿದ್ದರೆ ಸ್ಟಡ್ಡಿನ ಜೊತೆ ಮಾತ್ರ ಜಗಳ ಆಡಬೇಕಿತ್ತು. ಈಗ ನಿನ್ನ ತೂತಿನ ಜೊತೆಗೂ ಆಡಬೇಕು."

ಅವರು ಹೇಳಿದ್ದು ಅಕ್ಷರಶಃ ನಿಜ. ಓರೆ ತೂತಿರುವಲ್ಲಿ ದೊಡ್ಡ ಡ್ರಿಲ್ ಬಿಟ್ ಇಟ್ಟರೆ ಅದು ಹಳೆಯ ತೂತಿನ ದಾರಿಯನ್ನೇ ಹಿಡಿಯುತ್ತದೆ. ಹಾಗೆ ದಾರಿ ಹಿಡಿಯದೆ, ತಾನು ನಿಂತಲ್ಲೇ ನೆಟ್ಟಗೆ ಇಳಿಯಬೇಕೆಂದರೆ ಎಂಡ್‌ಮಿಲ್ ಎಂಬ ಚಪ್ಪಟೆ ತುದಿಯ ಕಟರ್ ಬೇಕು, ಅದನ್ನು ಅಲುಗದಂತೆ ಹಿಡಿಯುವ ಯಂತ್ರ ಬೇಕು. ಅದಕ್ಕೂ ಮೊದಲು ನಿಜವಾದ ನಡು ಎಲ್ಲಿದೆ ಎಂದು ಹುಡುಕಬೇಕು. ಕೆಟ್ಟ ತೂತನ್ನು ನೋಡಿ ಅದು ಗೊತ್ತಾಗುವುದಿಲ್ಲ. ಅವರು ಫ್ಲ್ಯಾಂಜಿನ ಎರಡು ತೂತುಗಳ ನಡುವಿನ ಅಂತರ ಅಳೆದುಕೊಂಡರು, ಸರಿಯಿದ್ದ ಬಲಗಡೆಯ ಸ್ಟಡ್ಡಿನಿಂದ ಆ ಅಂತರ ತೆಗೆದುಕೊಂಡರು, ಪೋರ್ಟಿನ (ಹೆಡ್ಡಿನಿಂದ ಹೊಗೆ ಹೊರಬರುವ ದಾರಿ) ದುಂಡು ಬಾಯಿಗೆ ಡಯಲ್ ಗೇಜ್ ಹಾಕಿ ತಾಳೆ ನೋಡಿದರು. ಇಷ್ಟಕ್ಕೇ ಮುಕ್ಕಾಲು ಗಂಟೆ ಹಿಡಿಯಿತು. ಕೊರೆದದ್ದು ಐದೋ ಆರೋ ನಿಮಿಷ.

ನಡು ಸಿಕ್ಕಿದ ಮೇಲೆ ನನ್ನ ತಪ್ಪಿಗೊಂದು ಅಳತೆಯೂ ಸಿಕ್ಕಿತು. ಅತಿ ಹೆಚ್ಚು ಜರುಗಿದ ಕಡೆ ನನ್ನ ತೂತು ಒಂದೂವರೆ ಮಿಲಿಮೀಟರ್ ಆಚೆಗಿತ್ತು. ಐದು ಮಿಲಿಮೀಟರಿನ ಬಿಟ್ಟಿನ ಅರ್ಧ ಎರಡೂವರೆ, ಅದಕ್ಕೆ ಒಂದೂವರೆ ಕೂಡಿಸಿದರೆ ನಿಜವಾದ ನಡುವಿನಿಂದ ನಾಲ್ಕು ಮಿಲಿಮೀಟರ್ ದೂರದವರೆಗೆ ನಾನು ಕೊರೆದಿದ್ದೆ. ಎಂಟರ ಥ್ರೆಡ್ಡಿನ ಬುಡ ಇರುವುದೂ ಅಲ್ಲೇ. ಹೆಲಿಕಾಯಿಲ್ (ಕೆಟ್ಟ ಥ್ರೆಡ್ಡಿನ ಜಾಗಕ್ಕೆ ಕೂರಿಸುವ ತಂತಿಯ ಸುರುಳಿ) ಹಾಕಲು ಕೊರೆಯಬೇಕಾದ ತೂತು 8.3 ಮಿಲಿಮೀಟರ್, ಅರ್ಧ ಮಾಡಿದರೆ 4.15. ನನ್ನ ತಪ್ಪನ್ನು ಹೊಸ ತೂತು ನುಂಗಿಕೊಂಡಿತು, 0.15 ಮಿಲಿಮೀಟರ್ ಮಿಗಿಸಿ. ಡ್ರಿಲ್ ಬಿಟ್ ಇನ್ನೊಂದಿಷ್ಟು ಜರುಗಿದ್ದರೆ ಗೋಡೆಯಲ್ಲಿ ಗುಳಿ ಉಳಿದು, ಹೆಲಿಕಾಯಿಲ್ ಬಿಟ್ಟು ದಪ್ಪ ಗೋಡೆಯ ಗಟ್ಟಿ ಬುಷ್ ಹುಡುಕಬೇಕಾಗುತ್ತಿತ್ತು. ಇಲ್ಲವೇ ತೂತನ್ನೇ ಅಲ್ಯೂಮಿನಿಯಂ ವೆಲ್ಡಿನಿಂದ ತುಂಬಿ ಹೊಸದಾಗಿ ಕೊರೆಯಬೇಕಿತ್ತು.

ಹೆಲಿಕಾಯಿಲ್ ನೋಡದವರಿಗೆ ಅದೊಂದು ಪುಟ್ಟ ಸ್ಪ್ರಿಂಗಿನ ಹಾಗೆ ಕಾಣುತ್ತದೆ. ಸ್ಟೇನ್‌ಲೆಸ್ ಉಕ್ಕಿನ ತಂತಿ, ಆದರೆ ದುಂಡಗಿನದಲ್ಲ. ಅಡ್ಡ ಕತ್ತರಿಸಿ ನೋಡಿದರೆ ವಜ್ರಾಕೃತಿ. ಸುರುಳಿ ಸುತ್ತಿದಾಗ ಹೊರಗಡೆಯೂ ಥ್ರೆಡ್, ಒಳಗಡೆಯೂ ಥ್ರೆಡ್. ಅಲ್ಯೂಮಿನಿಯಂನಲ್ಲಿ ಅದಕ್ಕೆಂದೇ ಇರುವ ದಪ್ಪ ಟ್ಯಾಪಿನಿಂದ (ತೂತಿನೊಳಗೆ ಥ್ರೆಡ್ ಕತ್ತರಿಸುವ ಗಡಸು ಉಪಕರಣ) ಥ್ರೆಡ್ ಹೊಡೆದು ಈ ಸುರುಳಿಯನ್ನು ತಿರುಗಿಸಿ ಇಳಿಸಿದರೆ ಒಳಗೆ ಮತ್ತೆ ಅದೇ ಎಂಟರ ಥ್ರೆಡ್. ಸುರುಳಿ ತನ್ನಷ್ಟಕ್ಕೆ ತೂತಿಗಿಂತ ಸ್ವಲ್ಪ ದಪ್ಪ. ಇಳಿಸುವಾಗ ಬಿಗಿದುಕೊಂಡು ಇಳಿದು, ಬಿಟ್ಟಾಗ ಹೊರಕ್ಕೆ ಹಿಗ್ಗಿ ಗೋಡೆಗೆ ಒತ್ತಿಕೊಳ್ಳುತ್ತದೆ. ಅಂಟು ಬೇಕಿಲ್ಲ. ಎರಡನೇ ಮಹಾಯುದ್ಧದ ಕಾಲದ ವಿಮಾನ ಎಂಜಿನ್ನುಗಳಲ್ಲೇ ಇಂಥ ತಂತಿಯ ಥ್ರೆಡ್ಡುಗಳಿದ್ದವು, ರಿಪೇರಿಗೆ ಮಾತ್ರವಲ್ಲ, ಹೊಸತರಲ್ಲೇ.

ಟ್ಯಾಪನ್ನು ನಾನೇ ಹೊಡೆಯುತ್ತೇನೆಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, ಹೆಡ್ಡನ್ನು ಯಂತ್ರದ ಮೇಲಿಂದ ಬಿಚ್ಚದೆ, ಸ್ಪಿಂಡಲಿನ ಚೂಪು ಮೊನೆಯನ್ನು ಟ್ಯಾಪಿನ ಬಾಲಕ್ಕೆ ತಾಗಿಸಿ ನೆಟ್ಟಗೆ ನಿಲ್ಲಿಸಿ ಕೊಟ್ಟರು. ಅಷ್ಟಾದ ಮೇಲೆ ಓರೆ ಮಾಡಲು ನನಗೂ ಸಾಧ್ಯವಿರಲಿಲ್ಲ. ಸೀಮೆಎಣ್ಣೆ ಹನಿಸಿ, ಅರ್ಧ ಸುತ್ತು ಮುಂದಕ್ಕೆ, ಕಾಲು ಸುತ್ತು ಹಿಂದಕ್ಕೆ. ಅಲ್ಯೂಮಿನಿಯಂ ಕತ್ತರಿಸಿದಷ್ಟೂ ಟ್ಯಾಪಿನ ಹಲ್ಲಿಗೆ ಅಂಟಿಕೊಳ್ಳುವ ಲೋಹ. ಎಣ್ಣೆಯಿಲ್ಲದೆ ಹೊಡೆದರೆ ಥ್ರೆಡ್ ಕತ್ತರಿಸುವುದಿಲ್ಲ, ಹರಿಯುತ್ತದೆ. ಎರಡು ಸಲ ಪೂರ್ತಿ ಹೊರಗೆ ತೆಗೆದು ಚೂರು ಒರೆಸಿದೆ. ತಳ ಮುಚ್ಚಿದ ತೂತಾದ್ದರಿಂದ ಚೂರು ಕೆಳಗೆ ಸೇರಿಕೊಂಡರೆ ಟ್ಯಾಪು ತಳ ತಲುಪಿತೆಂಬ ಭ್ರಮೆ ಹುಟ್ಟುತ್ತದೆ. ಆಗ ಜೋರು ಮಾಡಿದರೆ ಟ್ಯಾಪು ಮುರಿಯುತ್ತದೆ. ಮುರಿದ ಟ್ಯಾಪಿನ ಮುಂದೆ ಮುರಿದ ಸ್ಟಡ್ಡು ಏನೂ ಅಲ್ಲ.

ಸುರುಳಿ ಇಳಿಸುವುದು ಎರಡು ನಿಮಿಷದ ಕೆಲಸ. ಹನ್ನೆರಡು ಮಿಲಿಮೀಟರ್ ಉದ್ದದ್ದು ತಂದಿದ್ದೆ, ಅಂದರೆ ಸ್ಟಡ್ಡಿನ ದಪ್ಪದ ಒಂದೂವರೆ ಪಟ್ಟು. ಉಕ್ಕಿನಲ್ಲಾದರೆ ದಪ್ಪದಷ್ಟೇ ಆಳ ಸಾಕು, ಅಲ್ಯೂಮಿನಿಯಂಗೆ ಒಂದೂವರೆಯಿಂದ ಎರಡು ಪಟ್ಟು ಬೇಕು. ಸುರುಳಿಯ ಮೇಲ್ತುದಿ ಮುಖಕ್ಕಿಂತ ಕಾಲಿನಿಂದ ಅರ್ಧ ಪಿಚ್ ಒಳಗೆ ನಿಲ್ಲಬೇಕು. ನನ್ನದು ಅರ್ಧ ಮಿಲಿಮೀಟರಿನಷ್ಟು ಒಳಗೆ ನಿಂತಿತು. ಕೆಳತುದಿಯಲ್ಲಿ ತಂತಿಯ ಒಂದು ನಾಲಿಗೆ ಇರುತ್ತದೆ, ತಿರುಗಿಸುವ ಉಪಕರಣ ಹಿಡಿಯುವುದು ಅದನ್ನೇ. ಕೂರಿಸಿದ ಮೇಲೆ ಪಂಚ್ ಇಟ್ಟು ಒಂದೇ ಏಟಿಗೆ ಅದನ್ನು ಮುರಿದು, ಚಿಮಟದಿಂದ ಎತ್ತಿ ಹೊರಗಿಡಬೇಕು. ಎತ್ತಿ ಮೇಜಿನ ಮೇಲೆ ಕಣ್ಣಿಗೆ ಕಾಣುವಂತೆ ಇಟ್ಟೆ.

ಹೀಗೆ ಸರಿಮಾಡಿದ ತೂತು ಮೊದಲಿನದಕ್ಕಿಂತ ಗಟ್ಟಿ. ಕೇಳಿದವರು ಸಾಮಾನ್ಯವಾಗಿ ನಂಬುವುದಿಲ್ಲ. ಈಗ ಅಲ್ಯೂಮಿನಿಯಂ ಹಿಡಿದಿರುವುದು ಎಂಟು ಮಿಲಿಮೀಟರಿನ ಥ್ರೆಡ್ಡನ್ನಲ್ಲ, ಸುಮಾರು 9.6 ಮಿಲಿಮೀಟರಿನ ಥ್ರೆಡ್ಡನ್ನು. ಕಿತ್ತು ಬರಬೇಕಾದರೆ ಅಷ್ಟು ಹೆಚ್ಚು ಲೋಹ ಹರಿಯಬೇಕು. ಜೊತೆಗೆ, ಸಾಮಾನ್ಯ ಥ್ರೆಡ್ಡಿನಲ್ಲಿ ಭಾರವೆಲ್ಲ ಸಮನಾಗಿ ಹಂಚಿಹೋಗುವುದಿಲ್ಲ. ಮೊದಲನೇ ಸುತ್ತೇ ಸುಮಾರು ಮೂರರಲ್ಲೊಂದು ಪಾಲು ಹೊರುತ್ತದೆ, ಕೊನೆಯ ಸುತ್ತುಗಳು ಹೆಸರಿಗೆ ಮಾತ್ರ. ತಂತಿಯ ಸುರುಳಿ ಒಂದಿಷ್ಟು ಬಾಗಿಕೊಡುವುದರಿಂದ ಭಾರ ಕೆಳಗಿನ ಸುತ್ತುಗಳಿಗೂ ಹೋಗುತ್ತದೆ. ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳಬಹುದಿತ್ತು, ಗಟ್ಟಿ ಮಾಡಲೆಂದು ನಾನು ಕೊರೆದಿದ್ದರೆ.

ಹೊಸ ಸ್ಟಡ್ಡಿಗೆ, ಕಚ್ಚಿಕೊಳ್ಳದಂತೆ ತಡೆಯುವ ಆಂಟಿ-ಸೀಜ್ ಪೇಸ್ಟ್ ಹಚ್ಚಿದೆ. ಎರಡು ನಟ್ಟುಗಳನ್ನು ಸ್ಟಡ್ಡಿನ ಮೇಲೆ ಒಂದಕ್ಕೊಂದು ಬಿಗಿದು, ಅದನ್ನೇ ಹಿಡಿಯಾಗಿಸಿಕೊಂಡು ಮೆಲ್ಲಗೆ ಕೂರಿಸಿದೆ. ತಳಕ್ಕೆ ಗುದ್ದುವಂತೆ ಬಿಗಿಯಲಿಲ್ಲ. ಪೈಪಿಗೆ ಈ ಸಲ ಹಿತ್ತಾಳೆಯ ನಟ್ಟುಗಳು. ಮುಂದೆಂದಾದರೂ ಹಟ ಹಿಡಿದರೆ ಹರಿದುಹೋಗುವುದು ನಟ್ಟಾಗಲಿ, ಸ್ಟಡ್ಡಲ್ಲ. ಬಿಗಿಯುವಾಗ ಸ್ಪ್ಯಾನರಿಗೆ ಹಾಕಿದ ಬಲದಲ್ಲಿ ಅರ್ಧದಷ್ಟು ನಟ್ಟಿನ ತಳದ ಘರ್ಷಣೆಗೆ ಹೋಗುತ್ತದೆ, ಉಳಿದದ್ದರಲ್ಲಿ ಬಹುಪಾಲು ಥ್ರೆಡ್ಡಿನ ಘರ್ಷಣೆಗೆ. ನಿಜಕ್ಕೂ ಅದುಮಿ ಹಿಡಿಯಲು ಸಿಗುವುದು ಹತ್ತರಲ್ಲೊಂದು ಪಾಲು. ಪೇಸ್ಟ್ ಹಚ್ಚಿ ಘರ್ಷಣೆ ಇಳಿಸಿದ ಮೇಲೂ ಒಣ ಥ್ರೆಡ್ಡಿಗೆ ಹೇಳಿದ ಟಾರ್ಕನ್ನೇ, ಅಂದರೆ ತಿರುಗಿಸುವ ಬಲವನ್ನೇ, ಹಾಕಿದರೆ ಆ ಒಂದು ಪಾಲು ಎರಡಾಗುವುದು ಸುಲಭ. ಹಾಗಾಗಿ ಟಾರ್ಕನ್ನು ತಗ್ಗಿಸಿಕೊಂಡೆ.

ಪೈಪು ಕೂರಿಸುವ ಮೊದಲು ಬಲಗಡೆಯ ಸ್ಟಡ್ಡು ಉಳಿದಿತ್ತು. ಅದೇ ವಯಸ್ಸಿನದು, ಅದೇ ಬಿಸಿ, ಅದೇ ತೇವ ಉಂಡದ್ದು. ಬಿಟ್ಟುಬಿಡೋಣ ಎಂದು ಒಂದು ಮನಸ್ಸು. ಹೆಡ್ಡು ಮೇಜಿನ ಮೇಲಿರುವಾಗ ತೆಗೆಯದಿದ್ದರೆ ಇನ್ನೆಂದಿಗೆ ಎಂದು ಇನ್ನೊಂದು ಮನಸ್ಸು. ನಡುವಿನ ಅಳತೆ ತೆಗೆಯಲು ಅದು ಬೇಕಾಗಿದ್ದರಿಂದ ಪೈಪು ಕೂರಿಸುವ ಹಿಂದಿನ ವಾರದವರೆಗೂ ಅದನ್ನು ಮುಟ್ಟಿರಲಿಲ್ಲ.

ಎರಡು ದಿನ, ಹೊತ್ತು ಹೊತ್ತಿಗೆ ತುಕ್ಕು ಬಿಡಿಸುವ ಎಣ್ಣೆ ಹನಿಸಿದೆ. ಮೂರನೇ ದಿನ ಎಣ್ಣೆಯನ್ನೆಲ್ಲ ಒರೆಸಿ, ಸ್ಟಡ್ಡನ್ನು ಬಿಟ್ಟು ಅದರ ಸುತ್ತಲಿನ ಅಲ್ಯೂಮಿನಿಯಂಗೆ ಹಾಟ್ ಏರ್ ಗನ್ ಹಿಡಿದೆ. ಬೆಂಕಿಯ ಉರಿ ಹಿಡಿಯಲು ಧೈರ್ಯ ಬರಲಿಲ್ಲ. ಉಕ್ಕು ಬಿಸಿಯಾದರೆ ಕೆಂಪಾಗಿ ಎಚ್ಚರಿಸುತ್ತದೆ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುವವರೆಗೂ ಬಣ್ಣವನ್ನೇ ಬದಲಿಸುವುದಿಲ್ಲ. ನೂರೈವತ್ತು ಡಿಗ್ರಿ ಏರಿಸಿದರೆ ಎಂಟು ಮಿಲಿಮೀಟರಿನ ತೂತು ಸುಮಾರು 28 ಮೈಕ್ರಾನ್ ಹಿಗ್ಗುತ್ತದೆ, ಸ್ಟಡ್ಡು 14. ಸಿಗುವ ಸಡಿಲ ಹದಿನಾಲ್ಕು ಮೈಕ್ರಾನ್, ಕೂದಲಿನ ದಪ್ಪದ ಐದರಲ್ಲೊಂದು ಪಾಲಿನಷ್ಟು. ಎರಡು ನಟ್ಟು ಬಿಗಿದು ಸ್ಪ್ಯಾನರ್ ಹಾಕಿದೆ. ಜಗ್ಗಲಿಲ್ಲ. ಬಿಟ್ಟೆ. ತಣ್ಣಗಾಗಲು ಬಿಟ್ಟು ಮತ್ತೆ ಬಿಸಿ ಮಾಡಿದೆ. ನಾಲ್ಕನೇ ಸಲಕ್ಕೆ, ಬಿಚ್ಚುವ ಬದಲು ಮೊದಲು ಬಿಗಿಯುವ ಕಡೆಗೆ ಒಂದೆಳೆ ಒತ್ತಿದೆ.

ಕಿರ್ರೆಂದಿತು.

ಕಾಲು ಸುತ್ತು ಹೊರಕ್ಕೆ, ಅರ್ಧ ಕಾಲು ಒಳಕ್ಕೆ, ಒಂದು ಹನಿ ಎಣ್ಣೆ, ಮತ್ತೆ ಕಾಲು ಹೊರಕ್ಕೆ. ಒಂದೊಂದು ಸಲವೂ ಕೂಗಿಕೊಂಡೇ ಬಂತು. ಪೂರ್ತಿ ಬರಲು ಇಪ್ಪತ್ತು ನಿಮಿಷ ಹಿಡಿಯಿತು. ಹೊರಗೆ ಬಂದ ಸ್ಟಡ್ಡನ್ನು ಬೆಳಕಿಗೆ ಹಿಡಿದೆ. ಥ್ರೆಡ್ಡಿನ ಒಂದೊಂದು ಕಣಿವೆಯಲ್ಲೂ ಸುಣ್ಣ ಮೆತ್ತಿದ ಹಾಗೆ ಬಿಳಿ ಪುಡಿ. ಊದಿದೆ, ಹೋಗಲಿಲ್ಲ. ಸೂಜಿಯ ತುದಿಯಿಂದ ಕೆರೆದಾಗ ಸಣ್ಣ ಚಕ್ಕೆಯಾಗಿ ಎದ್ದು ಬಂತು, ಅದರ ಮೇಲೆ ಅಲ್ಯೂಮಿನಿಯಂ ಥ್ರೆಡ್ಡಿನ ಅಚ್ಚು ಗೆರೆ ಗೆರೆಯಾಗಿ ಹಾಗೇ ಮೂಡಿತ್ತು.